ಕವರ್ ಹಿಂದೆ ಎಂಪೆಗ್-2 ಅಂತ ಇದ್ದರೆ ಡಿಸ್ಕ್ ಬಿಟ್ಟುಬಿಡಬೇಕಾ?

ಪ್ರಶ್ನೆ: ಸರ್, ನಮ್ಮ ಬೀದಿಯಲ್ಲಿ ಒಬ್ಬರು ಮನೆ ಖಾಲಿ ಮಾಡ್ತಾ ತಮ್ಮ ಬ್ಲೂ-ರೇ ಡಿಸ್ಕ್‌ಗಳನ್ನೆಲ್ಲ ಕಮ್ಮಿ ರೇಟಿಗೆ ಕೊಡ್ತಿದ್ದಾರೆ. ಕೆಲವದರ ಹಿಂದೆ ಎಂಪೆಗ್-2, ಕೆಲವದಕ್ಕೆ ವಿಸಿ-1, ಉಳಿದದ್ದಕ್ಕೆ ಎವಿಸಿ ಅಂತಿದೆ. ಎಂಪೆಗ್-2 ಡಿವಿಡಿ ಕಾಲದ್ದು, ಮುಟ್ಟಲೇಬೇಡ ಅಂತಾನೆ ಗೆಳೆಯ. ಹೌದಾ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ಅರ್ಧ ಸರಿ. ಎಂಪೆಗ್-2, ವಿಸಿ-1, ಎವಿಸಿ ಅನ್ನೋದು ವಿಡಿಯೋವನ್ನು ಕುಗ್ಗಿಸಿ ಡಿಸ್ಕ್‌ನಲ್ಲಿ ಹಿಡಿಸುವ ಮೂರು ವಿಧಾನಗಳು. ಡಿವಿಡಿಯಲ್ಲಿದ್ದದ್ದು ಎಂಪೆಗ್-2ನೇ. ಆದರೆ ಅಲ್ಲಿ ಅದಕ್ಕೆ ಸಿಗುತ್ತಿದ್ದದ್ದು ಸೆಕೆಂಡಿಗೆ ಹೆಚ್ಚೆಂದರೆ 9.8 ಮೆಗಾಬಿಟ್ ಡೇಟಾ. ಬ್ಲೂ-ರೇಯಲ್ಲಿ 40ರ ತನಕ ಸಿಗುತ್ತದೆ.

ಮೂರೂ ಮಾಡೋ ಕೆಲಸ ಒಂದೇ. ಚಿತ್ರದುರ್ಗದ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ತಿರುಗೋದು ನೋಡಿದ್ದೀರಲ್ಲ, ಕ್ಯಾಮೆರಾ ಅಲುಗಿಸದೆ ಅದನ್ನು ಶೂಟ್ ಮಾಡಿದರೆ ಗುಡ್ಡ, ಆಕಾಶ ಎಲ್ಲ ಇದ್ದಲ್ಲೇ ಇರುತ್ತವೆ, ರೆಕ್ಕೆ ಮಾತ್ರ ಸರಿಯುತ್ತದೆ. ಹಾಗಾಗಿ ಒಂದು ಫ್ರೇಮ್ ಪೂರ್ತಿ ಬರೆದುಕೊಂಡು, ಆಮೇಲೆ ರೆಕ್ಕೆ ಎಲ್ಲಿಗೆ ಹೋಯ್ತು ಅನ್ನೋದಷ್ಟನ್ನೇ ಬರೆದರೆ ಸಾಕು. ಇದನ್ನು ಎಷ್ಟು ಕಮ್ಮಿ ಜಾಗದಲ್ಲಿ ಮುಗಿಸುತ್ತದೆ ಅನ್ನೋದರಲ್ಲೇ ವ್ಯತ್ಯಾಸ. ಎಂಪೆಗ್-2 ಚಿತ್ರವನ್ನು 8x8 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸುತ್ತದೆ. ಜಾಗ ಸಾಲದಿದ್ದರೆ ಚೌಕದ ಅಂಚು ಕಣ್ಣಿಗೆ ಹೊಡೆಯುತ್ತದೆ. ಮೈಕ್ರೋಸಾಫ್ಟ್ ಮನೆಯಿಂದ ಬಂದ ವಿಸಿ-1, ಮತ್ತೆ ಎಚ್.264 ಅಂತ ಇನ್ನೊಂದು ಹೆಸರಿರುವ ಎವಿಸಿ, ಇವೆರಡೂ ಬೇಕಾದಲ್ಲಿ 4x4ರ ತನಕ ಸಣ್ಣಗೆ ಕತ್ತರಿಸುತ್ತವೆ, ಅಂಚು ನಯ ಮಾಡುವ ಫಿಲ್ಟರೂ ಅವುಗಳ ಒಳಗೇ ಇದೆ. ಎಂಪೆಗ್-2ಗೆ ಬೇಕಾದ ಜಾಗದಲ್ಲಿ ಸುಮಾರು ಅರ್ಧ ಇದ್ದರೂ ಎವಿಸಿಗೆ ನಡೆಯುತ್ತದೆ.

ಈಗ ಲೆಕ್ಕ ನೋಡಿ. 2006ರ ಮೊದಮೊದಲ ಡಿಸ್ಕ್‌ಗಳಲ್ಲಿ ಬಹಳಷ್ಟು 25 ಜಿಬಿಯವು. ಎರಡೂವರೆ ಗಂಟೆ ಸಿನಿಮಾ ತುಂಬಿದರೆ ಸೆಕೆಂಡಿಗೆ ಸುಮಾರು 22 ಮೆಗಾಬಿಟ್. ಅದರಲ್ಲಿ ಕಂಪ್ರೆಸ್ ಮಾಡದ 5.1 (ಆರು ಚಾನೆಲ್) ಆಡಿಯೋನೇ 4.6 ತಿಂದುಬಿಡುತ್ತದೆ. ಉಳಿದ ಹದಿನೇಳು ಚಿಲ್ಲರೆಯಲ್ಲಿ ಎಂಪೆಗ್-2 ಏದುಸಿರು ಬಿಡುತ್ತದೆ, ಎವಿಸಿ ಆರಾಮಾಗಿರುತ್ತದೆ. ಅದೇ ಎಂಪೆಗ್-2 ಸಿನಿಮಾ 50 ಜಿಬಿ ಡಿಸ್ಕ್‌ನಲ್ಲಿದ್ದರೆ ಈ ತಾಪತ್ರಯವೇ ಇಲ್ಲ.

ನನ್ನದೇ ಒಂದು ಪೆದ್ದುತನ ಹೇಳ್ತೀನಿ. ಎಂಪೆಗ್-2 ಅನ್ನೋ ಒಂದೇ ಕಾರಣಕ್ಕೆ ಒಂದು ಡಿಸ್ಕ್ ಮಾರಿ, ಅದೇ ಸಿನಿಮಾದ ಹೊಸ ಎವಿಸಿ ಡಿಸ್ಕ್ ತಂದೆ. ಹಾಕಿ ನೋಡಿದರೆ ಮುಖಗಳೆಲ್ಲ ಮೇಣದ ಗೊಂಬೆ! ಫಿಲ್ಮಿನ ಗ್ರೇನ್, ಅಂದರೆ ಅದರಲ್ಲಿ ಕಾಣುವ ಸಣ್ಣ ಕಾಳುಕಾಳನ್ನು ಯಾರೋ ಮೊದಲೇ ಉಜ್ಜಿ ತೆಗೆದಿದ್ದರು, ಅದರ ಜೊತೆ ಚರ್ಮದ ಗೆರೆ, ಬಟ್ಟೆಯ ನೇಯ್ಗೆ ಎಲ್ಲ ಹೋಗಿತ್ತು. ಪಾಪ, ಎವಿಸಿ ಏನು ಮಾಡುತ್ತೆ? ಕೊಟ್ಟದ್ದನ್ನು ನೀಟಾಗಿ ತುಂಬಿಕೊಂಡಿತ್ತು ಅಷ್ಟೇ.

ವಿಸಿ-1 ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಸುಮ್ನೆ ತಗೊಳ್ಳಿ. ಅದನ್ನು ಹೆಚ್ಚಾಗಿ ಬಳಸುತ್ತಿದ್ದ, ಬ್ಲೂ-ರೇಯ ಎದುರಾಳಿ ಡಿಸ್ಕ್ ಎಚ್‌ಡಿ ಡಿವಿಡಿ 2008ರಲ್ಲಿ ಬಾಗಿಲು ಹಾಕಿದ ಮೇಲೆ ಅದರ ಬಳಕೆ ಕಮ್ಮಿಯಾಯ್ತು, ಗುಣದಲ್ಲಿ ಎವಿಸಿಯ ಹತ್ತಿರಕ್ಕೇ ಬರುತ್ತದೆ. 4ಕೆ ಡಿಸ್ಕ್‌ಗಳಲ್ಲಿರೋದು ಎಚ್‌ಇವಿಸಿ ಅನ್ನೋ ಇನ್ನೊಂದು ವಿಧಾನ, ಅದಕ್ಕೆ ಪ್ಲೇಯರೇ ಬೇರೆ.

ಎಂಪೆಗ್-2 ಡಿಸ್ಕ್‌ಗಳನ್ನು ಮಾರುವವರ ಮನೆಯಲ್ಲೇ ಹಾಕಿಸಿ ನೋಡಿ. ಹೊಗೆ, ಮಂಜು, ಕತ್ತಲಲ್ಲಿ ಓಡುವ ದೃಶ್ಯ, ಇಂಥವನ್ನೇ ಹುಡುಕಿ ಟಿವಿ ಹತ್ತಿರ ಹೋಗಿ ನಿಲ್ಲಿ. ಹೊಗೆ ಚೌಕ ಚೌಕವಾಗಿ ಒಡೆದರೆ ಬಿಡಿ, ಇಲ್ಲಾಂದ್ರೆ ತಗೊಳ್ಳಿ. ಹಾಂ, ಕವರ್ ಮೇಲೆ ರೀಜನ್, ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡುತ್ತದೆ ಅನ್ನೋ ಅಕ್ಷರ ನೋಡೋದು ಮರೀಬೇಡಿ. ನಮ್ಮದು ಸಿ. ಬರೀ ಎ ಅಂತ ಲಾಕ್ ಆದ ಡಿಸ್ಕ್ ಎವಿಸಿಯಾದರೂ ನಿಮ್ಮ ಪ್ಲೇಯರ್ ಅದನ್ನು ಓಡಿಸೋದಿಲ್ಲ.