ಹಳೆಯ ಟೂರಿಂಗ್ ಸೈಕಲ್‌ಗೆ ಯಾವ ಹಬ್ (ಚಕ್ರದ ನಡುವೆ ಸ್ಪೋಕ್‌ಗಳು ಸೇರುವ ಭಾಗ) ಒಳ್ಳೆಯದು?

ನಿಮ್ಮದು 1970ರ ದಶಕದ ಸೈಕಲ್ ಅಂತಿಟ್ಟುಕೊಳ್ಳಿ. ಬ್ರ್ಯಾಂಡ್ ಆಮೇಲೆ, ಮೊದಲು ಹಿಂದಿನ ಚಕ್ರ ಕೂರುವ ಜಾಗದ ಅಗಲ ಅಳೆಯಿರಿ. ಹಿಂದೆ 5 ಗೇರ್ ಆದರೆ ಸಾಮಾನ್ಯವಾಗಿ 120 ಮಿ.ಮೀ., 6 ಆದರೆ 126. ಅಲ್ಲಿಗೆ 130ರ ಹಬ್ ತಂದು ಸುಮ್ನೆ ತುರುಕಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಆಕ್ಸಲ್ (ಹಬ್ ನಡುವಿನ ಕಂಬಿ) ಅನ್ನು ಬೆರಳಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ, ಕರಕರ ಅಂದರೆ ಬಿಚ್ಚಿಸಿ ನೋಡಿ. ಆಕ್ಸಲ್ ಮೇಲೆ ಬೇರಿಂಗ್ ಗುಂಡುಗಳನ್ನು ಒತ್ತುವ ಕೋನ್ ಸವೆದಿದ್ದರೆ ಬದಲಿಸಬಹುದು, ಹಬ್ ಒಳಗೆ ಆ ಗುಂಡುಗಳು ಕೂರುವ ಕಪ್‌ನಲ್ಲೇ ಗುಳಿ ಬಿದ್ದಿದ್ದರೆ ಬಿಟ್ಟುಬಿಡಿ. ಜಾಸ್ತಿ ಲಗೇಜ್ ಹೇರುವವರಿಗೆ 36 ಸ್ಪೋಕ್ ತೂತಿನದ್ದೇ ಸರಿ.

ಇಟಲಿಯ ಕ್ಯಾಂಪಗ್ನೋಲೋ ರೆಕಾರ್ಡ್ ಹಬ್ ಚೆಂದವೇ. ಆದರೆ ನನ್ನ ಓಟು ಫ್ರಾನ್ಸಿನ ಮ್ಯಾಕ್ಸಿ-ಕಾರ್ ಹಬ್‌ಗೆ: ಗೇರ್ ಕಡೆಯ ತೂತುಗಳು ಬೀಗದ ಕಿಂಡಿಯ ಆಕಾರದಲ್ಲಿರುವ ಮಾಡೆಲ್ ಸಿಕ್ಕರೆ, ದಾರಿಯಲ್ಲಿ ಸ್ಪೋಕ್ ಮುರಿದಾಗ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬಿಚ್ಚದೇ ಹೊಸದು ಹಾಕಬಹುದು. ಬಿಡಿಭಾಗ ಹುಡುಕುವ ತಲೆನೋವು ಬೇಡ ಅಂದರೆ ಸೀಲ್ಡ್ (ಮುಚ್ಚಿದ) ಬೇರಿಂಗ್‌ನ ಫಿಲ್ ವುಡ್ ಹಬ್ ನೋಡಿ, ಬೆಲೆ ಮಾತ್ರ ಕೈ ಸುಡುತ್ತದೆ.