ದೊಡ್ಡ ಆಟಗಾರನಾಗದವನು ಹೊರದೇಶದಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಬಹುದೇ?

ಮೊಣಕಾಲಿನ ಗಾಯದಿಂದ ಆಟ ನಿಂತಿದೆ, ವಿಶ್ವವಿದ್ಯಾಲಯದ ತಂಡದಾಚೆ ಆಡಿದವನಲ್ಲ, ನನ್ನಂಥವನಿಗೆ ಹೊರದೇಶದಲ್ಲಿ ಕೋಚ್ ಆಗಿ ಬದುಕು ಕಟ್ಟಿಕೊಳ್ಳಲು ಸಾಧ್ಯವೇ ಎಂದು ಕೇಳಿದ್ದೀರಿ. ಸಾಧ್ಯ. ಸಂಜೆ ಹೊತ್ತು ಮಕ್ಕಳಿಗೆ ಈ ಆಟ ಹೇಳಿಕೊಡುವ ನಾನು ಬಹಳ ವರ್ಷಗಳಿಂದ ಬೆರಗಿನಿಂದ ನೋಡುತ್ತ ಬಂದಿರುವವರು ಕೋಚ್ ಡೇವಿಡ್ ಬ್ಲಾಟ್.

ಅಮೆರಿಕದಲ್ಲಿ ಹುಟ್ಟಿದ ಬ್ಲಾಟ್ ಅಲ್ಲಿನ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡದಲ್ಲಿ ಕೋಚ್ ಪೀಟ್ ಕ್ಯಾರಿಲ್ ಅವರ ಕೈಕೆಳಗೆ ಆಡಿದರು. ಕ್ಯಾರಿಲ್ ಅವರ ಪಾಠದ ಒಂದು ತುಣುಕನ್ನು ನಾನು ಇಂದಿಗೂ ಮಕ್ಕಳಿಗೆ ಕಲಿಸುತ್ತೇನೆ: ಎದುರಾಳಿ ಪಾಸ್ ಕಸಿಯಲು ಮುಂದಕ್ಕೆ ಬಾಗಿದ ಕ್ಷಣವೇ ಅವನ ಬೆನ್ನ ಹಿಂದಿನಿಂದ ರಿಂಗಿನತ್ತ ನುಗ್ಗಬೇಕು. ಎತ್ತರವಿಲ್ಲದ ಹುಡುಗಿಯೊಬ್ಬಳು ಮೊದಲ ಸಲ ಹೀಗೆ ಬುಟ್ಟಿ ಹಾಕಿದಾಗ ಅವಳ ಮುಖ ನೋಡಬೇಕು!

ಬ್ಲಾಟ್ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಬಿಎಯ ಆಟಗಾರರಾಗಲಿಲ್ಲ. 1981ರಲ್ಲಿ ಇಸ್ರೇಲ್‌ಗೆ ಹೋಗಿ, 1993ರವರೆಗೆ ಅಲ್ಲಿನ ಕ್ಲಬ್‌ಗಳಲ್ಲಿ ಆಡಿದರು. ಕೋಚ್ ಆಗುವ ಹೊತ್ತಿಗೆ ಹೀಬ್ರೂ ಅವರ ನಾಲಿಗೆಗೆ ಒಗ್ಗಿತ್ತು, ಆ ನೆಲದ ಆಟ ಮೈಗೂಡಿತ್ತು. ದಯವಿಟ್ಟು ಇದನ್ನು ಗಮನಿಸಿ: ಹೊರದೇಶಕ್ಕೆ ಮೊದಲು ಹೋದದ್ದು ಆಟಗಾರ. ಕೋಚ್ ಹುಟ್ಟಿದ್ದು ಅಲ್ಲಿಯೇ.

ಆಮೇಲೆ ರಷ್ಯಾ, ಇಟಲಿ. 2006ರಲ್ಲಿ ಟ್ರೆವಿಜೊದ ಬೆನೆಟ್ಟನ್ ತಂಡಕ್ಕೆ ಇಟಲಿಯ ಲೀಗ್ ಪ್ರಶಸ್ತಿ ಗೆಲ್ಲಿಸಿದರು. ಆದರೆ ನಾನು ಮತ್ತೆ ಮತ್ತೆ ನೋಡುವುದು ಯುರೋಪಿನ ದೇಶಗಳ ನಡುವಿನ ಚಾಂಪಿಯನ್‌ಷಿಪ್ ಆದ ಯುರೋಬಾಸ್ಕೆಟ್‌ನ 2007ರ ಫೈನಲ್. ಸ್ಥಳ ಮ್ಯಾಡ್ರಿಡ್. ಎದುರಿಗಿದ್ದದ್ದು ತವರಿನಲ್ಲಿ ಆಡುತ್ತಿದ್ದ ವಿಶ್ವ ಚಾಂಪಿಯನ್ ಸ್ಪೇನ್. ಬ್ಲಾಟ್ ಕೋಚ್ ಆಗಿದ್ದ ರಷ್ಯಾ ರಾಷ್ಟ್ರೀಯ ತಂಡ ಒಂದು ಅಂಕ ಹಿಂದಿತ್ತು. ಎರಡು ಸೆಕೆಂಡು ಚಿಲ್ಲರೆ ಉಳಿದಿರುವಾಗ ಜೆ. ಆರ್. ಹೋಲ್ಡನ್ ಎಸೆದ ಚೆಂಡು ಒಳಗೆ ಬಿತ್ತು. ಸ್ಪೇನ್‌ನ ಪಾವ್ ಗಸೋಲ್ ಅವರ ಕೊನೆಯ ಎಸೆತ ರಿಂಗಿನಿಂದ ಹೊರಬಿತ್ತು. 60–59. ಆ ಹೋಲ್ಡನ್ ಕೂಡ ಅಮೆರಿಕದಲ್ಲಿ ಹುಟ್ಟಿ ರಷ್ಯಾದ ಪೌರತ್ವ ಪಡೆದವರು. ಇದೇ ಬ್ಲಾಟ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ರಷ್ಯಾಕ್ಕೆ ಕಂಚು ತಂದುಕೊಟ್ಟರು, 2014ರಲ್ಲಿ ಇಸ್ರೇಲ್‌ನ ಮಕಾಬಿ ಟೆಲ್ ಅವೀವ್‌ಗೆ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಯುರೋಲೀಗ್ ಗೆಲ್ಲಿಸಿದರು.

ಅವರಿಗೆ ಪರದೇಶವಾಗಿ ಕಂಡದ್ದು ಹುಟ್ಟಿದ ನಾಡೇ ಇರಬೇಕು. 2014ರಲ್ಲಿ ಎನ್‌ಬಿಎಯ ಕ್ಲೀವ್‌ಲ್ಯಾಂಡ್ ತಂಡದ ಕೋಚ್ ಹುದ್ದೆಯನ್ನು ಒಪ್ಪಿಕೊಂಡರು. ಅದು ಎಳೆಯರ ತಂಡ; ಕೆಲವೇ ವಾರಗಳಲ್ಲಿ ತಾರಾ ಆಟಗಾರ ಲೆಬ್ರಾನ್ ಜೇಮ್ಸ್ ಮರಳಿ ಬಂದು, ಗೆಲ್ಲಲೇಬೇಕಾದ ತಂಡವಾಯಿತು. ಇಪ್ಪತ್ತು ವರ್ಷ ಕೋಚಿಂಗ್ ಮಾಡಿದವರನ್ನು ಅಲ್ಲಿ ಹೊಸಬರೆಂದೇ ಕರೆದರು. ಮೊದಲ ವರ್ಷವೇ ತಂಡ ಫೈನಲ್ ತಲುಪಿತು. ಮರುವರ್ಷ 41 ಪಂದ್ಯಗಳಲ್ಲಿ 30 ಗೆದ್ದು ಮುಂಚೂಣಿಯಲ್ಲಿರುವಾಗಲೇ, 2016ರ ಜನವರಿಯಲ್ಲಿ, ಅವರನ್ನು ತೆಗೆದುಹಾಕಿದರು. ಆ ಸುದ್ದಿ ಓದಿದ ದಿನ ನನಗಾದ ಸಂಕಟ ಇನ್ನೂ ನೆನಪಿದೆ. ಅವರು ಇಸ್ತಾಂಬುಲ್‌ಗೆ ಹೋಗಿ, 2018ರಲ್ಲಿ ದಾರುಷಾಫಾಕ ತಂಡಕ್ಕೆ ಯುರೋಪಿನ ಎರಡನೇ ದರ್ಜೆಯ ಕ್ಲಬ್ ಟೂರ್ನಿಯಾದ ಯುರೋಕಪ್ ಗೆದ್ದುಕೊಟ್ಟರು. ಮುಂದಿನ ವರ್ಷ ಗ್ರೀಸ್‌ನಲ್ಲಿದ್ದಾಗ ತಮಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವುದನ್ನು ತಾವೇ ಹೊರಗೆ ಹೇಳಿದರು.

ನೀವು ಯಾವ ದೇಶ ಎಂದು ಬರೆದಿಲ್ಲ. ಮನಸ್ಸಿನಲ್ಲಿ ಒಂದು ದೇಶವಿದ್ದರೆ, ಅಲ್ಲಿನ ಭಾಷೆಯನ್ನು ಇಂದೇ ಕಲಿಯಲು ಕುಳಿತುಕೊಳ್ಳಿ. ಮೊಣಕಾಲು ವಾಸಿಯಾಗುವವರೆಗೆ ನಿಮ್ಮ ಊರಿನ ಹನ್ನೆರಡರ ಕೆಳಗಿನ ಮಕ್ಕಳ ಗುಂಪೊಂದನ್ನು ಕೈಗೆತ್ತಿಕೊಳ್ಳಿ. ಕುರ್ಚಿಯ ಮೇಲೆ ಕುಳಿತೇ ಕಲಿಸಬಹುದಾದದ್ದು ಬೇಕಾದಷ್ಟಿದೆ.