ಅರ್ಧ ಖಾಲಿಯಿರುವ ಸರ್ಕಾರಿ ಶಾಲೆಗಳನ್ನು ಒಂದೇ ಕಟ್ಟಡಕ್ಕೆ ಸೇರಿಸಿದರೆ ರಾಜ್ಯದ ಹಣ ಉಳಿಯುತ್ತದೆಯೇ?

ಉಳಿಯುತ್ತದೆ, ಆದರೆ ಹಲವರು ಎಣಿಸಿದಷ್ಟಲ್ಲ. ಶಾಲೆಯ ವೆಚ್ಚದಲ್ಲಿ ಸಿಂಹಪಾಲು ಸಂಬಳದ್ದು. ಶಿಕ್ಷಕರಲ್ಲಿ ಹೆಚ್ಚಿನವರು ಮಕ್ಕಳೊಂದಿಗೇ ಹೊಸ ಶಾಲೆಗೆ ಹೋಗುವುದಾದರೆ, ಬೀಗ ಬಿದ್ದ ಕಟ್ಟಡದಿಂದ ಉಳಿಯುವುದು ಮುಖ್ಯವಾಗಿ ವಿದ್ಯುತ್, ದುರಸ್ತಿ ಮತ್ತು ಆಡಳಿತದ ಖರ್ಚು ಮಾತ್ರ. ಅತ್ತ, ಮಕ್ಕಳನ್ನು ಸೇರಿಸಿಕೊಳ್ಳುವ ಶಾಲೆಗೆ ಕೊಠಡಿ, ಶೌಚಾಲಯ, ಬಸ್ಸುಗಳಿಗಾಗಿ ಮೊದಲೇ ಹಣ ಬೇಕಾಗುತ್ತದೆ. ರಾಜ್ಯದ ನೆರವು ಈ ಆರಂಭದ ಭಾರವನ್ನು ಹೊರಬೇಕು. ಅಮೆರಿಕದ ವರ್ಮಾಂಟ್ ರಾಜ್ಯವು 2015ರ ಕಾಯ್ದೆಯ ಮೂಲಕ, ವಿಲೀನಕ್ಕೆ ಒಪ್ಪಿದ ಶಾಲಾ ಜಿಲ್ಲೆಗಳಿಗೆ (ಅಲ್ಲಿ ಸ್ಥಳೀಯ ಶಾಲೆಗಳನ್ನು ನಡೆಸುವ ಆಡಳಿತ ಘಟಕಗಳಿಗೆ) ಕೆಲವು ವರ್ಷಗಳ ತೆರಿಗೆ ರಿಯಾಯಿತಿ ನೀಡಿತು.

ಯೋಜನೆ ಎಡವುವುದು ಹೆಚ್ಚಾಗಿ ಲೆಕ್ಕ ಹಾಕುವ ಹಂತದಲ್ಲೇ. ವಿಶೇಷ ಅಗತ್ಯವುಳ್ಳ ಎಂಟು ಮಕ್ಕಳು ಕಲಿಯುವ ಕೊಠಡಿಯನ್ನು ಕಡತವು ಮೂವತ್ತು ಆಸನಗಳ ಕೊಠಡಿಯೆಂದೇ ಎಣಿಸಿದರೆ, ತುಂಬಿದ ಶಾಲೆಯೂ ಖಾಲಿಯಾಗಿ ಕಾಣುತ್ತದೆ. ನಕ್ಷೆಯಲ್ಲಿ ಒಂದು ಕಿಲೋಮೀಟರ್ ಎಂದು ತೋರುವ ದಾರಿಯ ನಡುವೆ ಹೆದ್ದಾರಿಯಿದ್ದರೆ, ಆರು ವರ್ಷದ ಮಗು ಅದನ್ನು ಒಂಟಿಯಾಗಿ ದಾಟಲಾರದು. ಆದ್ದರಿಂದ ಅಧಿಕಾರಿಗಳು ಆ ದಾರಿಯನ್ನು ಒಮ್ಮೆಯಾದರೂ ಬೆಳಗಿನ ಹೊತ್ತು ನಡೆದು ನೋಡಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮುಚ್ಚಿದ ಕಟ್ಟಡದ ಮುಂದಿನ ಬಳಕೆಯನ್ನೂ ಮೊದಲೇ ನಿರ್ಧರಿಸಬೇಕು. ಷಿಕಾಗೊ ನಗರವು 2013ರಲ್ಲಿ ಒಮ್ಮೆಲೇ ಸುಮಾರು 50 ಶಾಲೆಗಳನ್ನು ಮುಚ್ಚಿದಾಗ, ಅವುಗಳಲ್ಲಿ ಅನೇಕ ಕಟ್ಟಡಗಳು ವರ್ಷಗಟ್ಟಲೆ ಪಾಳುಬಿದ್ದವು. ಖಾಲಿ ಕಟ್ಟಡಕ್ಕೂ ಕಾವಲು ಮತ್ತು ನಿರ್ವಹಣೆಯ ವೆಚ್ಚ ತಪ್ಪುವುದಿಲ್ಲ.